ಒಂದಾಣೆ ಪಾಲೋ, ಹದಿನಾರಾಣೆ ವಿಮಾನವೋ

ವರ್ಷಕ್ಕೆ ಐವತ್ತು ಗಂಟೆಯೊಳಗೆ ಹಾರುವವರಿಗೆ ಬಾಡಿಗೆ ವಿಮಾನ, ಇನ್ನೂರರವರೆಗೆ ಒಂದು ವಿಮಾನದಲ್ಲಿ ಪಾಲು, ಅದಕ್ಕೂ ಮೇಲಾದರೆ ಸ್ವಂತ ವಿಮಾನ. ಈ ಬಾಯಿಲೆಕ್ಕ ಖಾಸಗಿ ವಿಮಾನದ ವ್ಯವಹಾರದಲ್ಲಿರುವ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಲೆಕ್ಕಕ್ಕೆ ಕೂತಾಗ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೀರಿ ಎಂದು ಕೇಳುವ ಮೊದಲು, ನಿಮಗಾಗಿ ವಿಮಾನ ಎಷ್ಟು ಗಂಟೆ ಖಾಲಿ ಹಾರಬೇಕು ಎಂದು ಕೇಳಬೇಕು.

ಪಾಲಿನ ಪದ್ಧತಿ ಶುರುವಾದದ್ದು ಅಮೆರಿಕದಲ್ಲಿ, 1986ರಲ್ಲಿ, ನೆಟ್‌ಜೆಟ್ಸ್ ಎಂಬ ಕಂಪನಿಯ ಮೂಲಕ. ಒಂದು ವಿಮಾನದಲ್ಲಿ ವರ್ಷಕ್ಕೆ 800 ಗಂಟೆ ಪ್ರಯಾಣಿಕರನ್ನು ಕೂರಿಸಬಹುದು ಎಂದು ಹಿಡಿದು, ಅದನ್ನು ಹದಿನಾರು ಭಾಗ ಮಾಡಿದರು. ಒಂದಾಣೆ ಪಾಲಿಗೆ 50 ಗಂಟೆ, ಎರಡಾಣೆಗೆ 100, ನಾಲ್ಕಾಣೆಗೆ 200. ಅಲ್ಲಿನ ವಾಯುಯಾನ ನಿಯಮಕ್ಕೆ 2003ರಲ್ಲಿ ಸೇರಿದ 91ನೇ ಭಾಗದ ಕೆ ಉಪಭಾಗವೂ ಮಾಮೂಲಿ ವಿಮಾನಕ್ಕೆ ಒಂದಾಣೆಯನ್ನೇ ಕನಿಷ್ಠ ಪಾಲು ಎನ್ನುತ್ತದೆ; ಹೆಲಿಕಾಪ್ಟರಿಗೆ ಅರ್ಧ ಆಣೆ ಸಾಕು. ನಿಮ್ಮ ಪಾಲು ಕಾಗದದ ಮೇಲೆ ಒಂದು ನಿರ್ದಿಷ್ಟ ಸೀರಿಯಲ್ ನಂಬರಿನ ವಿಮಾನದ್ದು. ಬರುವುದು ಮಾತ್ರ ಆ ಹೊತ್ತಿಗೆ ಹತ್ತಿರ ಇರುವ, ಅದೇ ಮಾದರಿಯ ಯಾವುದೋ ವಿಮಾನ.

ಲೆಕ್ಕಕ್ಕೆ ಮೊದಲು ಬೇಕಾದದ್ದು ಹಿಂದಿನ ಹನ್ನೆರಡು ತಿಂಗಳ ಪ್ರಯಾಣದ ಪಟ್ಟಿ. ಮುಂದಿನ ವರ್ಷದ ಅಂದಾಜು ಬೇಡ, ಅದು ಯಾವಾಗಲೂ ಉಬ್ಬಿರುತ್ತದೆ. ಒಂದೊಂದು ಹಾರಾಟಕ್ಕೆ ಒಂದು ಸಾಲು: ಎಲ್ಲಿಂದ, ಎಲ್ಲಿಗೆ, ಗಾಳಿಯಲ್ಲಿ ಎಷ್ಟು ನಿಮಿಷ, ಎಷ್ಟು ಜನ, ಎಷ್ಟು ಗಂಟೆ ಮುಂಚೆ ಗೊತ್ತಾಯಿತು, ಅಲ್ಲಿ ಎಷ್ಟು ರಾತ್ರಿ ಉಳಿದದ್ದು. ಕೊನೆಯ ಅಂಕಣವನ್ನು ಜನ ಬಿಟ್ಟುಬಿಡುತ್ತಾರೆ, ಆದರೆ ತೀರ್ಮಾನ ಆಗುವುದು ಅದರಿಂದಲೇ. ಈ ಪಟ್ಟಿಯಿಂದ ಮೂರು ಬಗೆಯ ಗಂಟೆ ಹೊರಬರುತ್ತವೆ: ನೀವು ಕೂತ ಗಂಟೆ, ವಿಮಾನ ಹಾರಿದ ಗಂಟೆ, ಬಿಲ್ಲಾದ ಗಂಟೆ.

ಒಂದು ಪ್ರಯಾಣ ತೆಗೆದುಕೊಳ್ಳಿ. ಹೋಗಲು 1.4 ಗಂಟೆ, ಬರಲು 1.4. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸ್ವಂತ ವಿಮಾನ ಹಾರುವುದು 2.8 ಗಂಟೆ. ಪಾಲಿನಲ್ಲಾದರೆ ಪ್ರತಿ ಹಾರಾಟಕ್ಕೂ ಟ್ಯಾಕ್ಸಿಯಿಂಗ್ (ನೆಲದ ಮೇಲಿನ ಓಡಾಟ) ಹೆಸರಿನಲ್ಲಿ ಸಾಮಾನ್ಯವಾಗಿ 0.2 ಗಂಟೆ, ಅಂದರೆ 12 ನಿಮಿಷ, ಸೇರುತ್ತದೆ, ಬಿಲ್ 3.2 ಗಂಟೆಗೆ. ಈಗ ಅದೇ ಪ್ರಯಾಣದಲ್ಲಿ ಅಲ್ಲೇ ನಾಲ್ಕು ದಿನ ಉಳಿಯುವ ಕೆಲಸ ಬಂತು, ಇತ್ತ ಮನೆಯವರಿಗೋ ಕಂಪನಿಗೋ ವಿಮಾನ ಬೇಕು. ಸ್ವಂತ ವಿಮಾನ ನಿಮ್ಮನ್ನು ಇಳಿಸಿ ಖಾಲಿ ಬರುತ್ತದೆ, ಕರೆತರಲು ಖಾಲಿ ಹೋಗುತ್ತದೆ: 5.6 ಗಂಟೆ. ಪಾಲಿನ ಬಿಲ್ ಅದೇ 3.2, ಏಕೆಂದರೆ ಒಪ್ಪಂದದ ಸೇವಾ ವಲಯದೊಳಗೆ ಖಾಲಿ ಹಾರಾಟದ ಖರ್ಚು ವಿಮಾನ ನಡೆಸುವ ಕಂಪನಿಯದು, ಅಂದರೆ ಆಪರೇಟರಿನದು. ವಿಮಾನವನ್ನು ಅಲ್ಲೇ ನಿಲ್ಲಿಸಿಕೊಂಡರೆ ಖಾಲಿ ಗಂಟೆ ಉಳಿಯುತ್ತದೆ ನಿಜ, ಬದಲಿಗೆ ಪಾರ್ಕಿಂಗ್ ಮತ್ತು ಇಬ್ಬರು ಪೈಲಟ್‌ಗಳ ಹೋಟೆಲ್ ಖರ್ಚು ಬರುತ್ತದೆ. ನಾಲ್ಕು ದಿನ ಬೇರೆ ಯಾರಿಗೂ ವಿಮಾನ ಸಿಗುವುದಿಲ್ಲ.

ಸಣ್ಣ ಹಾರಾಟದಲ್ಲಿ ತಕ್ಕಡಿ ತಿರುಗುತ್ತದೆ. 24 ನಿಮಿಷದ ಹಾರಾಟ 0.4 ಗಂಟೆ, ಟ್ಯಾಕ್ಸಿಯಿಂಗ್ ಸೇರಿ 0.6. ಆದರೆ ಎಷ್ಟೋ ಒಪ್ಪಂದಗಳಲ್ಲಿ ಒಂದು ಹಾರಾಟಕ್ಕೆ ಕನಿಷ್ಠ ಒಂದು ಗಂಟೆಯ ಬಿಲ್. ಅರ್ಧ ಗಂಟೆಯೂ ಕೂರದೆ ಪೂರ್ತಿ ಗಂಟೆಯ ಹಣ ಹೋಗುತ್ತದೆ. ಸಮಯವನ್ನು ಆರಾರು ನಿಮಿಷದ ಮೆಟ್ಟಿಲಿಗೆ ಏರಿಸುತ್ತಾರೋ ಎಂಬುದನ್ನೂ ನೋಡಿ. 61 ನಿಮಿಷ ಹಾರಿದ್ದು 1.1 ಗಂಟೆ ಆಗಿಬಿಡಬಹುದು.

ಅಂಕಿಯಲ್ಲಿ ಇಟ್ಟು ನೋಡೋಣ. ಯಾವ ದುಡ್ಡೆಂದರೂ ಆದೀತು, ನಾನು ಬರೀ ಅಂಶ ಎನ್ನುತ್ತೇನೆ. ತೋರಿಸಲು ಹಿಡಿದ ಅಂಕಿಗಳಿವು, ಮಾರುಕಟ್ಟೆಯ ದರವಲ್ಲ. ಸ್ವಂತ ವಿಮಾನಕ್ಕೆ ಹಾರಲಿ ಬಿಡಲಿ ವರ್ಷಕ್ಕೆ 600 ಅಂಶ, ಜೊತೆಗೆ ಹಾರಿದ ಗಂಟೆಗೆ 1.5. ಪಾಲಿನಲ್ಲಿ ಎಲ್ಲ ಸೇರಿ ಬಿಲ್ಲಾದ ಗಂಟೆಗೆ 4. ಕೂತ ಗಂಟೆ 200, ಎಲ್ಲವೂ 1.4 ಗಂಟೆಯ ಹಾರಾಟಗಳು, ಎಲ್ಲವೂ ಅದೇ ದಿನ ವಾಪಸ್ ಎಂದಾದರೆ ಸ್ವಂತಕ್ಕೆ 900. ಪಾಲಿನಲ್ಲಿ 228.6 ಗಂಟೆ ಬಿಲ್ಲಾಗಿ 914. ಸಮಸಮ. ಅದರಲ್ಲಿ ಅರ್ಧದಷ್ಟು ಹಾರಾಟ ಇಳಿಸಿ ಬರುವ ಬಗೆಯದಾದರೆ ವಿಮಾನ ಹಾರುವುದು 300 ಗಂಟೆ, ಸ್ವಂತದ ಖರ್ಚು 1,050ಕ್ಕೆ ಏರುತ್ತದೆ, ಪಾಲು 914ರಲ್ಲೇ ನಿಲ್ಲುತ್ತದೆ. ಬದಲಿಗೆ ಎಲ್ಲವೂ ಅದೇ ದಿನ ವಾಪಸ್, ಆದರೆ 200ರಲ್ಲಿ 40 ಗಂಟೆ ಆ 24 ನಿಮಿಷದ ಹಾರಾಟಗಳು ಎನ್ನಿ. ಬಿಲ್ 282.9 ಗಂಟೆಗೆ ಹೋಗಿ ಪಾಲು 1,131 ಆಗುತ್ತದೆ, ಸ್ವಂತ 900ರಲ್ಲೇ ಉಳಿಯುತ್ತದೆ. ಮೂರು ಸಲವೂ ಕೂತದ್ದು ಅದೇ 200 ಗಂಟೆ.

ಗಂಟೆಯ ದರ ಹೋಲಿಸುವಾಗ ಎರಡೂ ಕಡೆಯ ಮೊತ್ತವನ್ನು ಕೂತ ಗಂಟೆಯಿಂದಲೇ ಭಾಗಿಸಬೇಕು. ವಿಮಾನ ಮಾರುವವರು ಹಾರಿದ ಗಂಟೆಯಿಂದ ಭಾಗಿಸಿ ತೋರಿಸುತ್ತಾರೆ. ಖಾಲಿ ಹಾರಿದಷ್ಟೂ ಅವರ ದರ ಚಂದ ಕಾಣುತ್ತದೆ.

ಪಾಲಿನ 'ಎಲ್ಲ ಸೇರಿ' ದರದಲ್ಲಿ ಏನೇನು ಸೇರಿರಬೇಕು? ಪಾಲಿನ ಖರೀದಿ ಬೆಲೆಯಿಂದ ಕೊನೆಗೆ ಕೈಗೆ ಬರುವ ಹಣ ಕಳೆದು ವರ್ಷಗಳಿಗೆ ಹಂಚಿದ್ದು, ಅಷ್ಟೂ ವರ್ಷ ಸಿಕ್ಕಿಕೊಂಡ ಬಂಡವಾಳದ ಬಡ್ಡಿ, ಹಾರದಿದ್ದರೂ ಕಟ್ಟುವ ಮಾಸಿಕ ನಿರ್ವಹಣಾ ಶುಲ್ಕ, ಗಂಟೆಯ ಶುಲ್ಕ, ಇಂಧನದ ಹೆಚ್ಚುವರಿ. ಇವುಗಳಲ್ಲಿ ಕೈ ಸುಡುವುದು ಕೊನೆಗೆ ಬರುವ ಹಣ. ಒಪ್ಪಂದದಲ್ಲಿ 'ನ್ಯಾಯಯುತ ಮಾರುಕಟ್ಟೆ ಬೆಲೆಗೆ ವಾಪಸ್ ಕೊಳ್ಳುತ್ತೇವೆ' ಎಂದಿರುತ್ತದೆ. ಆ ಬೆಲೆ ನಿರ್ಧರಿಸುವವರು ಯಾರು, ನಿಮಗೆ ಒಪ್ಪಿಗೆಯಾಗದಿದ್ದರೆ ಮೂರನೆಯ ಮೌಲ್ಯಮಾಪಕನನ್ನು ಕರೆಯಬಹುದೇ, ಅದರ ಮೇಲೆ ಮರುಮಾರಾಟದ ಶುಲ್ಕ ಎಷ್ಟು ಶೇಕಡಾ ಕಡಿತ, ಎಷ್ಟು ದಿನದಲ್ಲಿ ಹಣ ಕೈಗೆ ಎಂಬ ನಾಲ್ಕು ಪ್ರಶ್ನೆಗೂ ಅದೇ ಪುಟದಲ್ಲಿ ಉತ್ತರ ಇರಬೇಕು. ಬೆಲೆ ಕಟ್ಟುವುದು ನಿಮ್ಮ ಸೀರಿಯಲ್ ನಂಬರಿನ ವಿಮಾನಕ್ಕೆ. ನೀವು ಒಮ್ಮೆಯೂ ಹತ್ತದ ಆ ವಿಮಾನಕ್ಕೆ ಯಾರೋ ಹ್ಯಾಂಗರಿನಲ್ಲಿ ರೆಕ್ಕೆ ತಾಗಿಸಿದ್ದರೆ ನಷ್ಟ ನಿಮ್ಮ ಪಾಲಿಗೂ ಬರಬಹುದು, ಹಾಗಾಗಿ ಹಾನಿಯ ಕುಸಿತ ಆಪರೇಟರಿನದೇ ಎಂದು ಬರೆಸಿಕೊಳ್ಳಿ. ವರ್ಷಕ್ಕೆ 800 ಗಂಟೆಯಂತೆ ಐದು ವರ್ಷಕ್ಕೆ 4,000, ಮೇಲೆ ಖಾಲಿ ಹಾರಾಟ ಬೇರೆ. ಅಷ್ಟು ಸವೆದ ವಿಮಾನಕ್ಕೆ, ಅದೇ ವಯಸ್ಸಿನ ಕಡಿಮೆ ಹಾರಿದ ವಿಮಾನದ ಬೆಲೆ ಸಿಗುವುದಿಲ್ಲ.

ಸ್ವಂತ ವಿಮಾನದ ಕಡೆ ಮರೆತು ಹೋಗುವುದು ಪೈಲಟ್‌ಗಳ ಲೆಕ್ಕ. ಇಬ್ಬರು ಬೇಕಾದ ವಿಮಾನಕ್ಕೆ ಇಬ್ಬರನ್ನೇ ಇಟ್ಟರೆ ಒಬ್ಬರ ರಜೆ, ಜ್ವರ, ಸಿಮ್ಯುಲೇಟರ್ ತರಬೇತಿ ಬಂದ ದಿನ ವಿಮಾನ ನಿಂತಿತೆಂದೇ ಅರ್ಥ. ಮೂರನೆಯವರನ್ನು ಇಟ್ಟುಕೊಳ್ಳಿ, ಇಲ್ಲವೇ ದಿನಗೂಲಿಯ ಪೈಲಟ್ ಎಂದು ಒಂದು ಮೊತ್ತ ಬರೆಯಿರಿ. ವಿಮಾ ಕಂಪನಿ ಆ ಹೊರಗಿನ ಪೈಲಟ್‌ನನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ. ಹ್ಯಾಂಗರ್, ವಿಮೆ, 28 ದಿನಕ್ಕೊಮ್ಮೆ ಬರುವ ನ್ಯಾವಿಗೇಷನ್ ಡೇಟಾಬೇಸಿನ ಚಂದಾ ಇವೆಲ್ಲ ಯಾರ ಪಟ್ಟಿಯಲ್ಲೂ ಇರುತ್ತವೆ, ಬಿಡಿ.

ಎಂಜಿನ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಎರಡು ಎಂಜಿನ್ನಿನ ಕಿಂಗ್ ಏರ್ ಬಿ200 ವಿಮಾನದ ಪಿಟಿ6ಎ-42 ಎಂಜಿನ್‌ಗೆ ತಯಾರಕರು ಹೇಳುವ, ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಓವರ್‌ಹಾಲ್ ಅವಧಿ 3,600 ಗಂಟೆ, ನಡುವೆ 1,800ಕ್ಕೆ ಹಾಟ್ ಸೆಕ್ಷನ್ (ಇಂಧನ ಉರಿದು ಕಾಯುವ ಒಳಭಾಗ) ತಪಾಸಣೆ. ಓವರ್‌ಹಾಲ್ ಆಗಿ 1,500 ಗಂಟೆ ಓಡಿದ ವಿಮಾನ ಅಗ್ಗಕ್ಕೆ ಸಿಕ್ಕಿತೆನ್ನಿ. ವರ್ಷಕ್ಕೆ 300 ಗಂಟೆ ಹಾರಿಸಿದರೆ ಮೊದಲ ವರ್ಷ ಮುಗಿಯುವ ಹೊತ್ತಿಗೇ ಎರಡೂ ಎಂಜಿನ್‌ಗಳ ಹಾಟ್ ಸೆಕ್ಷನ್ ಎದುರು ನಿಲ್ಲುತ್ತದೆ. ಓವರ್‌ಹಾಲ್ ಅಂದಾಜನ್ನು 3,600ರಿಂದ, ಹಾಟ್ ಸೆಕ್ಷನ್ ಅಂದಾಜನ್ನು 1,800ರಿಂದ ಭಾಗಿಸಿ, ಎರಡು ಎಂಜಿನ್‌ಗೆ ಗುಣಿಸಿ, ಹಾರಿದ ಪ್ರತಿ ಗಂಟೆಗೂ ಅಷ್ಟು ಹಣ ಬೇರೆ ಖಾತೆಗೆ ಹಾಕಬೇಕು. ಆಗಲೇ ಕಳೆದ 1,500 ಗಂಟೆಗೆ ಹಿಂದಿನ ಮಾಲೀಕ ಎತ್ತಿಡದ ಹಣವನ್ನು ಖರೀದಿ ಬೆಲೆಯಿಂದ ಕಡಿತ ಕೇಳಿ. ಎಂಜಿನ್ ಗಂಟೆಯೊಂದೇ ಅಲ್ಲ, ಸೈಕಲ್ ಎಷ್ಟಾಗಿದೆ ನೋಡಿ: ಟರ್ಬೈನ್ ಡಿಸ್ಕ್‌ನಂಥ ಭಾಗಗಳ ಆಯಸ್ಸು ಚಾಲೂ ಮಾಡಿ ಹಾರಿ ಇಳಿದ ಸುತ್ತುಗಳ ಲೆಕ್ಕದಲ್ಲಿ ಇರುತ್ತದೆ. ಸಣ್ಣ ಹಾರಾಟಕ್ಕೆ ಸ್ವಂತ ವಿಮಾನವೇ ಅಗ್ಗ ಎಂದೆನಲ್ಲ, ಆ ಲಾಭದ ಒಂದು ತುಣುಕನ್ನು ಸೈಕಲ್‌ಗಳು ಕಚ್ಚಿಕೊಂಡು ಹೋಗುತ್ತವೆ.

ವಿಮಾನ ಕೆಟ್ಟು ನಿಂತಾಗ ಪಾಲಿನವರಿಗೆ ಬದಲಿ ವಿಮಾನ ಬರುತ್ತದೆ. ಸ್ವಂತದವರು ಬಾಡಿಗೆಗೆ ತರಬೇಕು, ಆ ಖರ್ಚಿಗೂ ಪಟ್ಟಿಯಲ್ಲಿ ಜಾಗ ಇರಲಿ. ಆದರೆ ಹಬ್ಬ, ರಜೆಯ ಹೊತ್ತಿಗೆ ಪಾಲಿನವರದೂ ಸುಖವಲ್ಲ. ಒಪ್ಪಂದಕ್ಕೆ ಲಗತ್ತಾದ 'ದಟ್ಟಣೆಯ ದಿನಗಳ' ಪಟ್ಟಿಯನ್ನು ನಿಮ್ಮ ಹನ್ನೆರಡು ತಿಂಗಳ ಪಟ್ಟಿಯ ಪಕ್ಕ ಇಟ್ಟು ಟಿಕ್ ಹಾಕುತ್ತ ಹೋಗಿ. ಆ ದಿನಗಳಲ್ಲಿ ಮುಂಚಿತವಾಗಿ ತಿಳಿಸುವ ಅವಧಿ ಗಂಟೆಗಳಿಂದ ದಿನಗಳಿಗೆ ಏರುತ್ತದೆ, ಹೊರಡುವ ಹೊತ್ತನ್ನು ಹಿಂದೆಮುಂದೆ ಮಾಡುವ ಹಕ್ಕು ಆಪರೇಟರಿಗೆ ಇರುತ್ತದೆ. ನಿಮ್ಮ ಹಾರಾಟದಲ್ಲಿ ಮೂರರಲ್ಲೊಂದು ಅಲ್ಲಿ ಬಿದ್ದರೆ ಪಾಲಿನ ಆಸೆ ಬಿಡುವುದು ಲೇಸು.

ಪಾಲು ಕೊಂಡರೆ ಹೊಣೆ ಇಲ್ಲ ಎಂಬ ನಂಬಿಕೆಯೂ ತಪ್ಪು. ಅಮೆರಿಕದ ಆ ಕೆ ಉಪಭಾಗದ ಪ್ರಕಾರ ನಿಮಗಾಗಿ ಹಾರುವ ವಿಮಾನದ ಕಾರ್ಯಾಚರಣೆಯ ನಿಯಂತ್ರಣ ನಿಮ್ಮದೇ, ಅದನ್ನು ಒಪ್ಪಿ ಸಹಿ ಹಾಕಬೇಕು. ವಿಮೆಯ ಮೊತ್ತ ನಿಮ್ಮ ಹೆಸರಿಗೂ ಅನ್ವಯಿಸುತ್ತದೆಯೇ ಎಂದು ನೋಡದೆ ಆ ಕಾಗದಕ್ಕೆ ಪೆನ್ನು ತಾಗಿಸಬೇಡಿ.

ಪಟ್ಟಿ ಎರಡು ತುಂಡಾಗಿ ಕಾಣುವುದೂ ಉಂಟು: ಮುಕ್ಕಾಲು ಪಾಲು ಅದೇ ದಿನ ವಾಪಸಾಗುವ, ನಾಲ್ಕೈದು ಜನರ ಹಾರಾಟ, ಉಳಿದದ್ದು ದೂರದ, ಹೆಚ್ಚು ಜನರ, ಒಂದೇ ದಿಕ್ಕಿನದು. ಅಂಥವರಿಗೆ ನಾನು ಮೊದಲ ತುಂಡಿಗೆ ಸಾಕಾಗುವ ಸಣ್ಣ ಸ್ವಂತ ವಿಮಾನ, ಎರಡನೆಯದಕ್ಕೆ ಒಂದಾಣೆ ಪಾಲು ಎನ್ನುತ್ತೇನೆ. ಪಾಲು ಕೊಳ್ಳುವಾಗ, ಬೇರೆ ಮಾದರಿಯ ವಿಮಾನ ಕೇಳಿದರೆ ಅನ್ವಯಿಸುವ ಅದಲುಬದಲಿನ ಅನುಪಾತ ಓದಿಕೊಳ್ಳಿ. ದೊಡ್ಡ ವಿಮಾನದ ಒಂದು ಗಂಟೆಗೆ ನಿಮ್ಮ ಖಾತೆಯಿಂದ 1.5 ಗಂಟೆ ಹೋಗುವುದಾದರೆ 50 ಗಂಟೆ ಎಂದು ಕೊಂಡದ್ದು 33 ಗಂಟೆಗೇ ಮುಗಿಯುತ್ತದೆ.