ಹಡಗಿನವರು ಕೊಟ್ಟ ವಿಮಾನ, ನಾವೇ ಹುಡುಕಿದ ವಿಮಾನ

ಮೊದಲ ಸಲ ಕ್ರೂಸ್ ಬುಕ್ ಮಾಡುವಾಗ ಕೊನೆಯ ಪುಟದಲ್ಲಿ ಒಂದು ಪುಟ್ಟ ಚೌಕ ಇತ್ತು. ವಿಮಾನದ ಟಿಕೆಟ್ ಕೂಡ ನಾವೇ ಮಾಡಿಕೊಡಬೇಕೆ ಅಂತ ಕೇಳುತ್ತಿತ್ತು. ಹಿಂದೆಮುಂದೆ ನೋಡದೆ ಟಿಕ್ ಹಾಕಿದೆ. ಬೆಲೆಯೂ ಕಡಿಮೆ ಇತ್ತು. ನಾವಿರುವುದು ಶಿಕಾಗೋ ಹತ್ತಿರ. ಹಡಗು ಹೊರಡುವುದು ರೋಮ್‌ನ ಬಂದರಾದ ಚಿವಿಟಾವೆಕ್ಕಿಯಾದಿಂದ, ಮುಗಿಯುವುದು ಬಾರ್ಸಿಲೋನಾದಲ್ಲಿ. ಒಂದೂರಿಗೆ ಹೋಗಿ ಇನ್ನೊಂದೂರಿನಿಂದ ವಾಪಸ್ ಬರಬೇಕು. ನಾನು ಪೆದ್ದಿಯ ಹಾಗೆ ಹೋಗುವುದಕ್ಕೊಂದು, ಬರುವುದಕ್ಕೊಂದು ಒನ್‌ವೇ ಹುಡುಕುತ್ತಿದ್ದೆ. ಅಟ್ಲಾಂಟಿಕ್ ದಾಟುವ ಒನ್‌ವೇ ಟಿಕೆಟ್ ಎಷ್ಟೋ ಸಲ ರೌಂಡ್‌ಟ್ರಿಪ್‌ಗಿಂತಲೂ ದುಬಾರಿ. ಹಡಗಿನ ಕಂಪನಿಗೆ ಏರ್‌ಲೈನ್‌ಗಳ ಜತೆ ಒಪ್ಪಂದದ ದರ ಇರುತ್ತೆ, ಇಂಥ ಸೊಟ್ಟ ದಾರಿಗೆ ಅವರಿಗೆ ಅಗ್ಗದಲ್ಲಿ ಸಿಗುತ್ತೆ. ಏರ್‌ಲೈನ್ ಸೈಟಿನಲ್ಲೇ ‘ಮಲ್ಟಿ-ಸಿಟಿ’ ಅಂತ ಒಂದು ಗುಂಡಿ ಇದೆ, ಅದನ್ನೊತ್ತಿದರೆ ಎರಡೂ ಊರು ಒಂದೇ ಟಿಕೆಟ್‌ನಲ್ಲಿ ರೌಂಡ್‌ಟ್ರಿಪ್ ಲೆಕ್ಕದಲ್ಲೇ ಬರುತ್ತೆ ಅನ್ನುವುದು ಆಗ ಗೊತ್ತಿರಲಿಲ್ಲ.

ದುಡ್ಡು ಕಟ್ಟಿದ್ದಾಯಿತು, ಟಿಕೆಟ್ ಮಾತ್ರ ಬರಲಿಲ್ಲ. ಕ್ರೂಸ್‌ನ ಪೂರ್ತಿ ಬಾಕಿ ತೀರಿಸಿದ ಮೇಲೆ, ಹೊರಡಲು ಎರಡು ತಿಂಗಳಿದೆ ಅನ್ನುವಾಗ ಬಂತು. ಅಲ್ಲಿಯವರೆಗೆ ಕೈಯಲ್ಲಿದ್ದದ್ದು ಬರೀ ಒಂದು ವೇಳಾಪಟ್ಟಿ. ಸೀಟು ಆರಿಸೋಣ ಅಂತ ಏರ್‌ಲೈನ್ ಸೈಟಿಗೆ ಹೋಗಿ ಹಡಗಿನ ಬುಕಿಂಗ್ ನಂಬರ್ ಒತ್ತಿದರೆ ಇಂಥವರು ಯಾರೂ ಇಲ್ಲ ಅನ್ನುತ್ತೆ. ಏರ್‌ಲೈನ್‌ಗೆ ಬೇರೆಯದೇ ಆರಕ್ಷರದ ಪಿಎನ್‌ಆರ್ ಇರುತ್ತೆ, ಅದನ್ನು ಹಡಗಿನವರ ಹತ್ತಿರ ಕೇಳಿ ಪಡೆಯಬೇಕು ಅಂತ ತಿಳಿದದ್ದು ಮೂರನೇ ಫೋನಿನಲ್ಲಿ. ಅಷ್ಟರಲ್ಲಿ ನಮ್ಮ ಮೂವರಿಗೂ ಮೂರು ಸಾಲಲ್ಲಿ ಸೀಟು. ಮಗಳಿಗೆ ಆಗ ಒಂಬತ್ತು ವರ್ಷ.

ಹೊರಡುವುದಕ್ಕೆ ಹದಿನೆಂಟು ದಿನ ಇದ್ದಾಗ ವಿಮಾನದ ವೇಳೆ ಬದಲಾಯಿತು. ನಡುದಾರಿಯಲ್ಲಿ ವಿಮಾನ ಬದಲಿಸಲು ಎರಡೂಕಾಲು ಗಂಟೆ ಇದ್ದ ಬಿಡುವು ಐವತ್ತೈದು ನಿಮಿಷಕ್ಕೆ ಇಳಿಯಿತು, ಅದರೊಳಗೆ ಪಾಸ್‌ಪೋರ್ಟ್ ಕಂಟ್ರೋಲೂ ಮುಗಿಯಬೇಕು. ಏರ್‌ಲೈನ್‌ಗೆ ಫೋನ್ ಮಾಡಿದೆ. “ಟಿಕೆಟ್ ಏಜೆನ್ಸಿಯ ಕೈಯಲ್ಲಿದೆ ಮೇಡಂ, ನಾವು ಮುಟ್ಟೋ ಹಾಗಿಲ್ಲ” ಅಂದರು. ಹಡಗಿನವರಿಗೆ ಮಾಡಿದೆ, ಮುಕ್ಕಾಲು ಗಂಟೆ ಪಿಯಾನೋ ಕೇಳಿಸಿದರು. ಆಮೇಲೆ ಬಂದ ಹುಡುಗಿ ಪಾಪ ಒಳ್ಳೆಯವಳೇ. “ನಿಯಮದ ಪ್ರಕಾರ ಐವತ್ತೈದು ನಿಮಿಷ ಸಾಕು, ಅದಕ್ಕೇ ಸಿಸ್ಟಮ್ ಬದಲಾಯಿಸೋಕೆ ಬಿಡ್ತಿಲ್ಲ” ಅಂದಳು. ನಮ್ಮ ಕಾಲಿಗೂ ಆ ನಿಯಮಕ್ಕೂ ಏನು ಸಂಬಂಧ?

ಓಡಿ ಓಡಿ ನಾವು ವಿಮಾನ ಹತ್ತಿದೆವು, ಒಂದು ಬ್ಯಾಗ್ ಹತ್ತಲಿಲ್ಲ. ಅದು ನಮ್ಮನೆಯವರದು. ರೋಮ್‌ನ ಫಿಯುಮಿಚಿನೋ ಏರ್‌ಪೋರ್ಟಿನಿಂದ ಬಂದರಿಗೆ ಸುಮಾರು 70 ಕಿಲೋಮೀಟರ್. ಬ್ಯಾಗಿನ ದೂರು ಬರೆಸಿ, ಟ್ಯಾಕ್ಸಿ ಹಿಡಿದು, ಹಡಗಿನ ಚೆಕ್-ಇನ್ ಮುಚ್ಚಲು ಅರ್ಧ ಗಂಟೆ ಇದೆ ಅನ್ನುವಾಗ ತಲುಪಿದೆವು. ರೇಷ್ಮೆ ಬಟ್ಟೆ ನಾನು ಯಾವತ್ತೂ ಚೆಕ್-ಇನ್‌ಗೆ ಹಾಕುವವಳಲ್ಲ. ಕೈಚೀಲದಲ್ಲಿ ನನ್ನ ಸೀರೆಯ ಜತೆ ಅವರ ಪಂಚೆ-ಶಲ್ಯವೂ ಇತ್ತು. ಎಲ್ಲರೂ ಕೋಟು ಹಾಕಿ ಬರುವ ರಾತ್ರಿಯ ಊಟಕ್ಕೆ ಇವರು ಜರಿ ಪಂಚೆಯಲ್ಲಿ ಹೋದರು. ಇಡೀ ಹಡಗಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡವರು ಬಹುಶಃ ಇವರೇ.

ಹಡಗಿನವರಿಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಆ ಬ್ಯಾಗಿನ ಬೆನ್ನು ಹತ್ತಿದ್ದು ಅವರ ಡೆಸ್ಕಿನವರೇ. ಮೂರನೇ ದಿನ ಮಾರ್ಸೇಲ್‌ನಲ್ಲಿ ಅದು ನಮ್ಮ ರೂಮಿನ ಬಾಗಿಲಿಗೆ ಬಂತು. ನಾವೇ ಟಿಕೆಟ್ ಮಾಡಿಕೊಂಡಿದ್ದರೆ ಏರ್‌ಲೈನ್‌ಗೆ ದಿನಕ್ಕೊಂದು ಊರಿನ ವಿಳಾಸ ಕೊಡುತ್ತಾ ಕೂರಬೇಕಿತ್ತು. ಅವರು ದೊಡ್ಡದಾಗಿ ಹೇಳಿಕೊಳ್ಳುವ ಮಾತು ಇನ್ನೊಂದಿದೆ: ನಮ್ಮ ಮೂಲಕ ತೆಗೆದುಕೊಂಡ ವಿಮಾನ ತಡವಾಗಿ ಹಡಗು ತಪ್ಪಿದರೆ ಮುಂದಿನ ಬಂದರಿಗೆ ಮುಟ್ಟಿಸುತ್ತೇವೆ. ಹಡಗು ನಮಗಾಗಿ ಕಾಯುತ್ತೆ ಅಂತಲ್ಲ. ಒಂದೇ ವಿಮಾನದಲ್ಲಿ ಹತ್ತಾರು ಜನ ಸಿಕ್ಕಿಕೊಂಡಿದ್ದರೆ ಕೆಲವೊಮ್ಮೆ ಕಾಯಬಹುದು, ಮೂವರಿಗಾಗಿ ಕಾಯುವುದಿಲ್ಲ. ಮೆಡಿಟರೇನಿಯನ್‌ನಲ್ಲಿ ಈ ಮಾತಿಗೆ ಬೆಲೆ ಇದೆ. ಆದರೆ ನಮ್ಮ ಮುಂದಿನ ಬಂದರು ಲಿವೊರ್ನೊ, ರೋಮ್‌ನಿಂದ ನೇರ ರೈಲಿದೆ, ಸುಮಾರು ಮೂರು ಗಂಟೆ ದಾರಿ. ಅಷ್ಟನ್ನು ನಾನೇ ಮಾಡಿಕೊಳ್ಳಬಹುದಿತ್ತಲ್ಲ ಅಂತ ಆಮೇಲೆ ಹೊಳೆಯಿತು.

ಎರಡನೇ ಸಲ ಅಲಾಸ್ಕಾ. ಈ ಸಲ ಮೈಸೂರಿನಿಂದ ಅಪ್ಪ ಅಮ್ಮ ಜತೆಗೆ. ಸಿಯಾಟಲ್‌ನಲ್ಲಿ ಹತ್ತಿ ಜೂನೋ, ಕೆಚಿಕನ್ ನೋಡಿ, ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು, ಮತ್ತೆ ಸಿಯಾಟಲ್‌ಗೆ ಬರುವುದು. ಹಡಗಿನವರನ್ನು ಬೆಂಗಳೂರಿನಿಂದ ಟಿಕೆಟ್ ಕೇಳಿದೆ. ತಮ್ಮ ವಿಮಾನದ ಸೌಲಭ್ಯ ಅಮೆರಿಕ, ಕೆನಡಾದಿಂದ ಹೊರಡುವವರಿಗೆ ಮಾತ್ರ ಅಂದರು. ಹಾಗಿದ್ದರೆ ಶಿಕಾಗೋದಿಂದ ಹೊರಡುವ ನಾವು ಮೂವರಾದರೂ ಅವರ ಮೂಲಕವೇ ತೆಗೆದುಕೊಳ್ಳೋಣವೇ? ಮುಂದಿನ ಬಂದರಿನ ಭರವಸೆಗಾಗಿ ಇನ್ನೇನು ಹೂಂ ಅನ್ನುವವಳಿದ್ದೆ. ಅಷ್ಟರಲ್ಲಿ ಭೂಪಟ ನೋಡಿದೆ. ಜೂನೋ ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ಹೋದರೆ ವಿಮಾನದಲ್ಲಿ, ಇಲ್ಲವೇ ದೋಣಿಯಲ್ಲಿ.

ಅದಕ್ಕಿಂತ ದೊಡ್ಡ ಅಡ್ಡಿ ಒಂದು ಹಳೇ ಕಾನೂನು. 1886ರದು. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವ ಹಾಗಿಲ್ಲ, ನಡುವೆ ‘ದೂರದ’ ವಿದೇಶಿ ಬಂದರೊಂದನ್ನು ಮುಟ್ಟಿದ್ದರೆ ಮಾತ್ರ ಸರಿ. ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದವು. ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿದರೆ ತೊಂದರೆಯಿಲ್ಲ, ಹತ್ತಿರದ ವಿದೇಶಿ ಬಂದರಾದರೂ ಸಾಕು. ವಿಕ್ಟೋರಿಯಾಕ್ಕೆ ಹಡಗು ಹೋಗುವುದಕ್ಕೆ ಇದೂ ಒಂದು ಕಾರಣ, ಬರೀ ಹೂದೋಟ ತೋರಿಸಲು ಅಲ್ಲ. (ಆ ಒಂದು ಸಂಜೆಗಾಗಿ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇರೆ ಮಾಡಿಸಬೇಕಾಯಿತು.) ಆದರೆ ಸಿಯಾಟಲ್‌ನಲ್ಲಿ ಹಡಗು ತಪ್ಪಿಸಿಕೊಂಡು ಜೂನೋದಲ್ಲಿ ಹತ್ತಿದರೆ, ಹತ್ತಿದ ಊರು ಬೇರೆ, ಇಳಿಯುವ ಊರು ಬೇರೆ. ವಿಕ್ಟೋರಿಯಾ ‘ದೂರದ’ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ಯಾರ ಮೂಲಕ ತೆಗೆದಿದ್ದರೂ ಅಷ್ಟೇ, ಹಡಗು ಹೋಯಿತು ಅಂದರೆ ಹೋಯಿತು. ಮುಂದಿನ ಬಂದರಿಗೆ ಮುಟ್ಟಿಸುತ್ತೇವೆ ಅನ್ನುವ ಮಾತನ್ನು ನೆಚ್ಚಿಕೊಳ್ಳುವುದಕ್ಕಿಂತ, ಹಿಂದಿನ ದಿನವೇ ಹೋಗಿ ಹೋಟೆಲಿನಲ್ಲಿ ಮಲಗುವುದು ಮೇಲು ಅನ್ನಿಸಿತು.

ಅಲ್ಲಿಗೆ ಎಲ್ಲ ಟಿಕೆಟ್‌ಗಳೂ ನನ್ನ ಕೊರಳಿಗೆ ಬಿದ್ದವು. ಅಪ್ಪ ಅಮ್ಮನಿಗೆ ದುಬೈ ಮೂಲಕ ಎಮಿರೇಟ್ಸ್ ಆರಿಸಿದೆ. ಒಂದೇ ಕಡೆ ಬದಲಾವಣೆ, ಅಲ್ಲಿಂದ ಸಿಯಾಟಲ್‌ಗೇ ನೇರ. ಅಮೆರಿಕದ ಬೇರೆ ಊರಲ್ಲಿ ಇಳಿದರೆ ಇಮಿಗ್ರೇಷನ್ ಮುಗಿಸಿ ಬ್ಯಾಗ್ ಎತ್ತಿಕೊಂಡು ಮತ್ತೆ ಒಪ್ಪಿಸಿ ಇನ್ನೊಂದು ವಿಮಾನ ಹಿಡಿಯಬೇಕು, ಎಪ್ಪತ್ತು ದಾಟಿದವರಿಗೆ ಅದು ಬೇಡ. ವಾಪಸ್ ಶಿಕಾಗೋದಿಂದ, ಮಲ್ಟಿ-ಸಿಟಿ ಗುಂಡಿ ಒತ್ತಿ. ಕಲಿತ ವಿದ್ಯೆ!

ಟಿಕೆಟ್ ಕೊಂಡ ಮೇಲೆ ಅಪ್ಪನ ಪಾಸ್‌ಪೋರ್ಟ್ ಫೋಟೋ ಪಕ್ಕಕ್ಕಿಟ್ಟು ನೋಡಿದರೆ ಎದೆ ಧಸಕ್ಕೆಂದಿತು. ಅಪ್ಪನದು ಒಂದೇ ಹೆಸರು. ಹಿಂದಿನ ಎರಡು ಇನಿಷಿಯಲ್‌ಗಳು ಊರಿನದೂ ತಾತನದೂ, ಅವು ಪಾಸ್‌ಪೋರ್ಟಿನಲ್ಲಿಲ್ಲ. ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದವರು ಖಾಲಿ ಬಿಡುವುದಿಲ್ಲ: ಇದ್ದ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹೊಡೆದಿದ್ದಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ನಾನು ಅಭ್ಯಾಸಬಲದಿಂದ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೇ ಸರ್‌ನೇಮ್ ಮಾಡಿಬಿಟ್ಟಿದ್ದೆ. ಅಂಥ ಹೆಸರಿನ ಮನುಷ್ಯ ಯಾವ ದಾಖಲೆಯಲ್ಲೂ ಇಲ್ಲ.

ಪುಣ್ಯಕ್ಕೆ ಟಿಕೆಟ್ ಕೊಂಡು ಇನ್ನೂ ಆರು ಗಂಟೆಯೂ ಆಗಿರಲಿಲ್ಲ. ಪ್ರಯಾಣಕ್ಕೆ ಏಳು ದಿನವಾದರೂ ಇದ್ದು, ನೇರವಾಗಿ ಏರ್‌ಲೈನ್‌ನಲ್ಲೇ ಬುಕ್ ಮಾಡಿದ್ದರೆ, ಅಮೆರಿಕದ ನಿಯಮದ ಪ್ರಕಾರ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು, ಇಲ್ಲವೇ ದುಡ್ಡಿಲ್ಲದೆ ಹಿಡಿದಿಡಬಹುದು. ಎರಡರಲ್ಲಿ ಒಂದನ್ನಾದರೂ ಅವರು ಕೊಡಲೇಬೇಕು. ರದ್ದು ಮಾಡಿದೆ. ಈ ಸಲ ಮೊದಲು ಫೋನ್ ಮಾಡಿ ಒಂದೇ ಹೆಸರಿನವರನ್ನು ಹೇಗೆ ಬರೆಯಬೇಕು ಅಂತ ಕೇಳಿ, ವೀಸಾದಲ್ಲಿರುವ ಹಾಗೆಯೇ ಮಾಡಿಸಿದೆ. ಆ ಪಿಎನ್‌ಆರ್ ನನ್ನ ಕೈಯಲ್ಲೇ ಇದ್ದದ್ದರಿಂದ ಇಬ್ಬರಿಗೂ ಸಸ್ಯಾಹಾರದ ಊಟ, ಅಂದರೆ ಅವರ ಭಾಷೆಯಲ್ಲಿ ಎವಿಎಂಎಲ್, ಮತ್ತು ವೀಲ್‌ಚೇರ್ ಎರಡನ್ನೂ ನಾನೇ ಹಾಕಿದೆ. “ನಂಗೇನಾಗಿದೆ ವೀಲ್‌ಚೇರ್ ಬೇಕು ಅನ್ನೋಕೆ? ದಿನಾ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ತೀನಿ” ಅಂತ ಅಪ್ಪ ರೇಗಿದರು. “ಅಪ್ಪ, ಅದು ಕಾಲಿಗಲ್ಲ, ದಾರಿಗೆ. ತಳ್ಳೋನು ಗೇಟಿನವರೆಗೂ ಕರ್ಕೊಂಡು ಹೋಗ್ತಾನೆ, ನೀವು ಬೋರ್ಡ್ ಓದ್ತಾ ನಿಲ್ಲೋದು ತಪ್ಪುತ್ತೆ” ಅಂದ ಮೇಲೆ ಸುಮ್ಮನಾದರು. ಎಫ್‌ಎನ್‌ಯು ಬಗ್ಗೆ ಮಾತ್ರ ತುಂಬಾ ದಿನ ಗೊಣಗಿದರು.

ಮೈಸೂರಿನಿಂದ ಫ್ಲೈಬಸ್ ಹತ್ತಿ ಅವರು ಹೊರಟದ್ದು ಹಡಗು ಬಿಡುವ ನಾಲ್ಕು ದಿನ ಮೊದಲು. ಸಿಯಾಟಲ್‌ಗೂ ಮೈಸೂರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಹಗಲು ರಾತ್ರಿ ಪೂರ್ತಿ ತಿರುಗುಮುರುಗು. ಅಲ್ಲಿರುವ ನನ್ನ ಗೆಳತಿ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಬಿಟ್ಟಳು. ನಾವು ಹಡಗಿನ ಹಿಂದಿನ ದಿನ ಬೆಳಗ್ಗೆ ಹೊರಡಬೇಕು. ಅವತ್ತೇ ಶಿಕಾಗೋ ಮೇಲೆ ಗುಡುಗು ಮಳೆ, ವಿಮಾನ ರದ್ದು. ಮೊದಲ ಪ್ರಯಾಣದ ಪಿಯಾನೋ ನೆನಪಾಯಿತು. ಆದರೆ ಈ ಟಿಕೆಟ್ ಏರ್‌ಲೈನ್‌ನಿಂದಲೇ ನೇರ ಕೊಂಡದ್ದು. ಆ್ಯಪ್ ತೆರೆದರೆ ಬದಲಿ ವಿಮಾನಗಳ ಪಟ್ಟಿ ಬಂತು. ಗೇಟಿನ ಮುಂದೆ ಇನ್ನೂರು ಜನ ಸಾಲು ನಿಲ್ಲುತ್ತಿರುವಾಗಲೇ ಸಂಜೆ ವಿಮಾನದಲ್ಲಿ ಮೂರು ಸೀಟು ಹಿಡಿದೆ. ರಾತ್ರಿ ಹನ್ನೊಂದಕ್ಕೆ ಹೋಟೆಲ್ ತಲುಪಿದಾಗ ಅಮ್ಮ ಕೆಟಲ್ ನೀರಿನಲ್ಲಿ ಎಂಟಿಆರ್ ಉಪ್ಪಿಟ್ಟು ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಅವತ್ತೇ ಹಡಗಿದ್ದಿದ್ದರೆ ಅದು ಹೊರಟು ಆರೇಳು ಗಂಟೆ ಆಗಿರುತ್ತಿತ್ತು.

ಇಷ್ಟೆಲ್ಲ ಜಾಣತನ ತೋರಿಸಿದವಳು ವಾಪಸ್ ಬರುವಾಗ ಎಡವಿದೆ. ಶಿಕಾಗೋಗೆ ಬೆಳಗ್ಗೆ 10:30ರ ವಿಮಾನ ತೆಗೆದಿದ್ದೆ. ಹಡಗು ಆರಕ್ಕೇ ಬಂದರಿಗೆ ಬರುತ್ತೆ, ನಾಲ್ಕೂವರೆ ಗಂಟೆ ಧಾರಾಳ ಅಂತ ಲೆಕ್ಕ. ಮಧ್ಯಾಹ್ನ 12ರ ನಂತರದ ವಿಮಾನವನ್ನೇ ತೆಗೆದುಕೊಳ್ಳಿ ಅಂತ ಹಡಗಿನ ಕಾಗದದಲ್ಲಿ ಬರೆದಿತ್ತು, ತಮ್ಮ ಬಸ್ಸಿನ ವ್ಯಾಪಾರಕ್ಕೆ ಹಾಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಹಡಗು ಬಂದದ್ದು ಆರಕ್ಕೇ. ಆದರೆ ಜನ ಇಳಿಯಲು ಶುರುವಾದದ್ದು ಏಳೂಕಾಲಿಗೆ. ವೀಲ್‌ಚೇರ್‌ನವರನ್ನು ತಳ್ಳಿಕೊಂಡು ಹೋಗುವ ಸಿಬ್ಬಂದಿ ಬರುವವರೆಗೆ ಒಂದು ಹಾಲ್‌ನಲ್ಲಿ ಕೂರಿಸಿದರು. ಕೆಳಗೆ ಇಮಿಗ್ರೇಷನ್, ಅಪ್ಪ ಅಮ್ಮನ ಭಾರತದ ಪಾಸ್‌ಪೋರ್ಟಿಗೆ ಬೇರೆ ಸಾಲು. ಹೊರಗೆ ಬಂದಾಗ ಎಂಟೂಮುಕ್ಕಾಲು, ಐದು ಜನ ಹಿಡಿಸುವ ಗಾಡಿ ಸಿಕ್ಕಾಗ ಒಂಬತ್ತೂಕಾಲು. ಅವತ್ತು ಬಂದ ಬೇರೆ ಹಡಗಿನವರೂ ಏರ್‌ಪೋರ್ಟಿನಲ್ಲೇ ಇದ್ದರು. ಸೆಕ್ಯುರಿಟಿ ಸಾಲು ದಸರಾ ವಸ್ತುಪ್ರದರ್ಶನದ ಟಿಕೆಟ್ ಸಾಲಿನ ಹಾಗೆ ಸುತ್ತಿ ಸುತ್ತಿ ನಿಂತಿತ್ತು. ಗೇಟ್ ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಐದು ಸೀಟು ಒಟ್ಟಿಗೆ ಸಿಕ್ಕಿದ್ದು ರಾತ್ರಿ ಎಂಟರ ವಿಮಾನದಲ್ಲಿ. ತಪ್ಪು ಪೂರ್ತಿ ನನ್ನದೇ. ಹಡಗಿನವರ ಮೂಲಕ ತೆಗೆದಿದ್ದರೆ ಅವರು 10:30ರ ವಿಮಾನ ಕೊಡುತ್ತಲೇ ಇರಲಿಲ್ಲ. ನಾವೇ ಮಾಡಿಕೊಂಡಾಗ ನಮ್ಮ ದಡ್ಡತನಕ್ಕೆ ಅಡ್ಡ ಬರುವವರು ಯಾರೂ ಇರುವುದಿಲ್ಲ. ಬ್ಯಾಗುಗಳು ಮಾತ್ರ ಆರಾಮಾಗಿ ಹೋದವು. ಸಿಯಾಟಲ್‌ನಲ್ಲಿ ಹಡಗಿನಿಂದಲೇ ಬ್ಯಾಗನ್ನು ವಿಮಾನಕ್ಕೆ ಸಾಗಿಸುವ ಉಚಿತ ವ್ಯವಸ್ಥೆ ಇದೆ, ಹಿಂದಿನ ರಾತ್ರಿ ಕಟ್ಟಿ ರೂಮಿನ ಹೊರಗಿಟ್ಟಿದ್ದೆವು. ನಮಗೆ ತಪ್ಪಿದ ವಿಮಾನದಲ್ಲೇ ಕೂತು ಶಿಕಾಗೋ ಸೇರಿದ್ದವು. ಅಪ್ಪನ ಮಾತ್ರೆ ಡಬ್ಬಿಯೂ ಅದರಲ್ಲೇ ಇದ್ದದ್ದು ಇನ್ನೊಂದು ಕಥೆ.

ಬರುವ ವರ್ಷ ವ್ಯಾಂಕೂವರ್‌ನಿಂದ ಹೊರಟು ಅಲಾಸ್ಕಾದಲ್ಲೇ ಇಳಿಸುವ ಒನ್‌ವೇ ಕ್ರೂಸ್ ನೋಡುತ್ತಿದ್ದೇನೆ. ಇದರಲ್ಲಿ ನಮ್ಮ ಮೂವರ ವಿಮಾನ ಹಡಗಿನವರದೇ ಅಗ್ಗ, ಈ ಸಲ ಅವರಿಂದಲೇ ತೆಗೆದುಕೊಳ್ಳುವವಳಿದ್ದೇನೆ. ಒಂದು ದಿನ ಮೊದಲು ಮುಟ್ಟುವ ವಿಮಾನ ಬೇಕು ಅಂತ ಕೇಳಿದೆ, ಹೋಟೆಲ್ ಖರ್ಚು ನಿಮ್ಮದಾದರೆ ಆಗಬಹುದು ಅಂದರು. ಅಪ್ಪ ಅಮ್ಮನ ಟಿಕೆಟ್ ನನ್ನ ಕೈಯಲ್ಲೇ ಇರಲಿ.

ಅದಕ್ಕೆ ಮೊದಲು ಅಪ್ಪನ ಪಾಸ್‌ಪೋರ್ಟ್ ರಿನ್ಯೂ ಆಗಬೇಕು. ಹೇಗೂ ಅರ್ಜಿ ಹಾಕುತ್ತೀರಲ್ಲ, ಸರ್‌ನೇಮ್ ಒಂದು ಸೇರಿಸಿಬಿಡಿ ಅಂದೆ. ವಿಡಿಯೋ ಕಾಲ್‌ನಲ್ಲಿ ಫಾರಂ ಹಿಡಿದುಕೊಂಡು ಯೋಚಿಸಿದರು: ಊರಿನ ಹೆಸರು ಹಾಕೋದಾ, ತಾತನ ಹೆಸರಾ? ಹತ್ತು ನಿಮಿಷವಾದರೂ ತೀರ್ಮಾನವಾಗಲಿಲ್ಲ. ಅಮ್ಮ ಅಡುಗೆಮನೆಯಿಂದಲೇ ಕೂಗಿದಳು, “ಎಫ್‌ಎನ್‌ಯು ಅಂತಲೇ ಬರೆಸಿಬಿಡಿ, ಅಭ್ಯಾಸ ಆಗಿದೆಯಲ್ಲ.”