ಇಂಗ್ಲೆಂಡಿನಲ್ಲಿ ಸ್ತನವರ್ಧನ ಶಸ್ತ್ರಚಿಕಿತ್ಸೆ: ಗಾಯ ಮಾಯುವವರೆಗೆ ಹೊಣೆ ಯಾರದು?

ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಸ್ತನವರ್ಧನ ಶಸ್ತ್ರಚಿಕಿತ್ಸೆಯ ಖರ್ಚನ್ನು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಾಮಾನ್ಯವಾಗಿ ಭರಿಸುವುದಿಲ್ಲ ಎಂಬುದು ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹುತೇಕರಿಗೆ ಗೊತ್ತಿದೆ. ಆದರೆ ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿದರೂ ಕೊಯ್ದ ಜಾಗದ ಕಲೆ ಮಾಗಲು 12ರಿಂದ 18 ತಿಂಗಳು ಬೇಕಾಗಬಹುದು. ಅಷ್ಟು ಕಾಲ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.

ಕೊಯ್ತ ಎಲ್ಲಿ ಎಂಬುದು ಮೊದಲ ನಿರ್ಧಾರ. ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ಯುವ ವಿಧಾನವೇ ಹೆಚ್ಚು ಬಳಕೆಯಲ್ಲಿದೆ. ನಾಲ್ಕೈದು ಸೆಂಟಿಮೀಟರ್ ಉದ್ದದ ಆ ಗೆರೆಯನ್ನು ಸ್ತನವೇ ಮರೆಮಾಡುತ್ತದೆ, ಮುಂದೆ ಇಂಪ್ಲಾಂಟ್ (ಸ್ತನದೊಳಗೆ ಇಡುವ ಕೃತಕ ಚೀಲ) ಬದಲಿಸಬೇಕಾಗಿ ಬಂದರೆ ಅದೇ ದಾರಿಯಲ್ಲಿ ಮತ್ತೆ ಒಳಹೋಗಬಹುದು. ಮೊಲೆತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಕೊಯ್ದರೆ ಕಲೆ ಬಣ್ಣದಲ್ಲಿ ಬೆರೆತುಹೋಗುವ ಸಾಧ್ಯತೆ ಇದೆಯಾದರೂ, ಹಾಲಿನ ನಾಳಗಳಿಗೂ ಸ್ಪರ್ಶಜ್ಞಾನಕ್ಕೂ ಧಕ್ಕೆಯಾಗುವ ಅಪಾಯ ಅಲ್ಲಿ ಹೆಚ್ಚು. ಕಂಕುಳ ದಾರಿಯಲ್ಲಿ ಸ್ತನದ ಮೇಲೆ ಗುರುತೇ ಇರುವುದಿಲ್ಲ.

ಈ ಮಾತುಕತೆಯನ್ನು ಕ್ಲಿನಿಕ್ಕಿನ ಸಲಹೆಗಾರರೊಡನೆ ಮಾತ್ರ ನಡೆಸಿ ಸುಮ್ಮನಾಗಬಾರದು. ಕೈಯಾರೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ಅಪಾಯಗಳನ್ನು ವಿವರಿಸಿ ಒಪ್ಪಿಗೆ ಪಡೆಯಬೇಕು, ಯೋಚಿಸಲು ರೋಗಿಗೆ ಸಮಯ ಕೊಡಬೇಕು ಎಂದು ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ 2016ರಲ್ಲಿ ಜಾರಿಗೆ ತಂದ ಮಾರ್ಗಸೂಚಿ ಹೇಳುತ್ತದೆ. ಅದೇ ಕೌನ್ಸಿಲ್‌ನ ಜಾಲತಾಣದಲ್ಲಿ ವೈದ್ಯರ ಹೆಸರು ಹುಡುಕಿದರೆ, ಅವರು ಪ್ಲಾಸ್ಟಿಕ್ ಸರ್ಜರಿಯ ತಜ್ಞರ ಪಟ್ಟಿಯಲ್ಲಿ ಇದ್ದಾರೆಯೇ ಎಂಬುದು ಕಾಣುತ್ತದೆ. ಕ್ಲಿನಿಕ್ ಆರೋಗ್ಯ ಸೇವೆಗಳ ಗುಣಮಟ್ಟ ತಪಾಸಿಸುವ ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ ಹಾಗೆಯೇ ನೋಡಬಹುದು. ಕಂತಿನ ರಿಯಾಯಿತಿ ನಾಳೆಗೆ ಮುಗಿಯುತ್ತದೆ ಎಂದು ಅವಸರಪಡಿಸುವ ಜಾಗದಿಂದ ಎದ್ದು ಬರುವುದೇ ಲೇಸು.

ಇನ್ನು ಗಾಯದ ವಿಷಯ. ಕರಗದ ಹೊಲಿಗೆಯಾದರೆ ಒಂದೆರಡು ವಾರಗಳಲ್ಲಿ ತೆಗೆಯುತ್ತಾರೆ. ಚರ್ಮ ಹೊರಗಿನಿಂದ ಕೂಡಿಕೊಂಡಂತೆ ಕಂಡರೂ ಒಳಗಿನ ಬಲ ಇನ್ನೂ ಬಂದಿರುವುದಿಲ್ಲ. ಮೂರು ವಾರ ಕಳೆದಾಗಲೂ ಮೊದಲಿನ ಗಟ್ಟಿತನದ ಅಲ್ಪಭಾಗವಷ್ಟೇ ಮರಳಿರುತ್ತದೆ, ಪೂರ್ತಿ ಮಾಯ್ದ ಮೇಲೂ ಅದು ಸುಮಾರು 80 ಶೇಕಡಾವನ್ನು ಮೀರುವುದಿಲ್ಲ. ಭಾರ ಎತ್ತಬೇಡಿ, ಹಗಲೂ ರಾತ್ರಿ ಆಧಾರದ ಬ್ರಾ ಧರಿಸಿ ಎಂದು ವಾರಗಟ್ಟಲೆ ಹೇಳುವುದಕ್ಕೆ ಇದೂ ಒಂದು ಕಾರಣ. ಮೊದಲ ಕೆಲವು ತಿಂಗಳು ಕಲೆ ಉಬ್ಬಿ, ಬಣ್ಣ ಗಾಢವಾಗಿ, ತುರಿಸುತ್ತಾ ಇನ್ನಷ್ಟು ಹದಗೆಟ್ಟಂತೆ ತೋರುವುದು ಸಹಜ. ಚರ್ಮಕ್ಕೆ ಬಲ ಕೊಡುವ ಪ್ರೋಟೀನಾದ ಕೊಲಾಜೆನ್ ಹೊಸದಾಗಿ ತುಂಬಿಕೊಳ್ಳುವ ಕಾಲ ಅದು.

ಇಲ್ಲಿ ನಮ್ಮಂಥ ಗೋಧಿ, ಕಂದು ಮೈಬಣ್ಣದವರು ಗಮನಿಸಬೇಕಾದ ಮಾತೊಂದಿದೆ. ಸೋಂಕಿನ ಲಕ್ಷಣ ಎಂದರೆ ಕೆಂಪಾಗುವುದು ಎಂದು ಕರಪತ್ರಗಳು ಬರೆಯುತ್ತವೆ, ಆದರೆ ಕಂದು ಚರ್ಮದಲ್ಲಿ ಆ ಕೆಂಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆ ಜಾಗ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣಬಹುದು. ಆದ್ದರಿಂದ ಬಣ್ಣವನ್ನಷ್ಟೇ ನಂಬದೆ, ಅಂಗೈಯ ಹಿಂಬದಿಯಿಂದ ಮುಟ್ಟಿ ಬಿಸಿಯನ್ನು ನೋಡುವುದು, ಊತ, ಕೀವು, ಹೆಚ್ಚುತ್ತಿರುವ ನೋವು, ಜ್ವರಗಳನ್ನು ಗಮನಿಸುವುದು ಮುಖ್ಯ. ಕೆಲಾಯ್ಡ್ ಎಂಬ ಗಂಟಿನಂಥ ಕಲೆ ಕೂಡ ಗಾಢ ಬಣ್ಣದ ಚರ್ಮದಲ್ಲಿ ಹೆಚ್ಚು. ಬರೀ ಉಬ್ಬಿದ ಕಲೆ ಕೊಯ್ತದ ಗೆರೆಯೊಳಗೇ ಉಳಿದು ಕಾಲಕ್ರಮೇಣ ಇಳಿಯುತ್ತದೆ. ಕೆಲಾಯ್ಡ್ ಗೆರೆ ದಾಟಿ ಬೆಳೆಯುತ್ತದೆ, ತಾನಾಗಿ ಇಳಿಯುವುದು ಅಪರೂಪ. ಕಿವಿ ಚುಚ್ಚಿಸಿದಾಗಲೋ ಸಿಸೇರಿಯನ್ ಆದಾಗಲೋ ಹಾಗೆ ಬೆಳೆದದ್ದಿದ್ದರೆ, ಮನೆಯವರಲ್ಲಿ ಯಾರಿಗಾದರೂ ಇದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು.

ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಅಥವಾ ಪಟ್ಟಿಯನ್ನು ಎರಡು ಮೂರು ತಿಂಗಳು ಬಳಸಲು ಸಾಮಾನ್ಯವಾಗಿ ಹೇಳುತ್ತಾರೆ. ಇದು ಫಾರ್ಮಸಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಬಿಸಿಲಿಗೆ ಕಲೆ ಕಪ್ಪಾಗದಂತೆ ಮುಚ್ಚಿಡಬೇಕು. ಧೂಮಪಾನ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತದೆ. ಇದರಲ್ಲಿ ರಾಜಿಗೆ ಜಾಗವಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತೊಂದರೆ ಕಂಡರೆ ಮೊದಲು ಕರೆ ಮಾಡಬೇಕಾದದ್ದು ಕ್ಲಿನಿಕ್ಕಿಗೇ. ರಾತ್ರಿ ಕರೆಗೆ ಅವರು ಕೊಟ್ಟ ಸಂಖ್ಯೆಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಒಮ್ಮೆ ಫೋನ್ ಮಾಡಿ, ಎತ್ತುವವರು ನರ್ಸೋ ಬರೀ ಸಂದೇಶ ಬರೆದುಕೊಳ್ಳುವವರೋ ತಿಳಿದುಕೊಳ್ಳುವುದು ಒಳ್ಳೆಯದು. ಯಾರೂ ಸಿಗದಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111. ಒಮ್ಮೆಲೇ ಒಂದು ಕಡೆ ಊದಿಕೊಂಡು ಬಿಗಿದರೆ, ಉಸಿರಾಟ ಕಷ್ಟವಾದರೆ ತುರ್ತು ಸಂಖ್ಯೆ 999. ಸ್ತನವರ್ಧನವನ್ನು ಖಾಸಗಿಯಾಗಿ ಮಾಡಿಸಿಕೊಂಡಿರಿ ಎಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ಎನ್‌ಎಚ್‌ಎಸ್ ನಿರಾಕರಿಸುವುದಿಲ್ಲ. ಆದರೆ ಕಲೆ ಅಂದವಾಗಿಲ್ಲ ಎಂಬಷ್ಟಕ್ಕೆ ಅದನ್ನು ಸರಿಪಡಿಸಿಕೊಡುವುದನ್ನು ನಿರೀಕ್ಷಿಸುವಂತಿಲ್ಲ. ವೈದ್ಯಕೀಯ ಕಾರಣಕ್ಕೆ ಇಂಪ್ಲಾಂಟ್ ತೆಗೆದರೂ ಹೊಸದನ್ನು ಹಾಕುತ್ತಾರೆ ಎಂದುಕೊಳ್ಳಬಾರದು. ಆದ್ದರಿಂದ ಕಲೆಯ ಮರುಶಸ್ತ್ರಚಿಕಿತ್ಸೆ, ಕೆಲಾಯ್ಡ್‌ಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಇವು ಪ್ಯಾಕೇಜಿನಲ್ಲಿ ಸೇರಿವೆಯೇ, ಎಷ್ಟು ತಿಂಗಳವರೆಗೆ ಎಂಬುದು ಒಪ್ಪಂದದಲ್ಲಿ ಇರಬೇಕು.

ಇಂಪ್ಲಾಂಟ್ ವಿವರದ ಕಾರ್ಡನ್ನು ಜೋಪಾನವಾಗಿಡಿ. ಫ್ರಾನ್ಸಿನ ಪಿಐಪಿ ಕಂಪನಿ ಅನುಮತಿಯಿಲ್ಲದ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾದಾಗ ಯಾರ ಮೈಯಲ್ಲಿ ಯಾವುದಿದೆ ಎಂದು ಪತ್ತೆಹಚ್ಚುವುದೇ ಕಷ್ಟವಾಗಿತ್ತು. ಇಂಥದ್ದು ಮರುಕಳಿಸದಿರಲೆಂದು 2016ರಲ್ಲಿ ಇಂಗ್ಲೆಂಡಿನಲ್ಲಿ ಇಂಪ್ಲಾಂಟ್ ನೋಂದಣಿ ಪುಸ್ತಕ ಆರಂಭವಾಯಿತು. ನಿಮ್ಮ ವಿವರ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಶಸ್ತ್ರಚಿಕಿತ್ಸೆಯ ವರದಿಯ ಪ್ರತಿ ನಿಮ್ಮ ಕುಟುಂಬ ವೈದ್ಯರಿಗೂ (ಜಿಪಿ) ಹೋಗುವಂತೆ ಒಪ್ಪಿಗೆ ಕೊಡಿ. 50 ದಾಟಿದ ಮೇಲೆ ಮೂರು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ) ಕರೆ ಬಂದಾಗ ಇಂಪ್ಲಾಂಟ್ ಇರುವುದನ್ನು ಮೊದಲೇ ತಿಳಿಸಿದರೆ ಹೆಚ್ಚು ಚಿತ್ರಗಳಿಗಾಗಿ ಅವರು ಸಮಯ ಇಟ್ಟುಕೊಳ್ಳುತ್ತಾರೆ. ಹಳೆಯ ಕೊಯ್ತ ಎಲ್ಲಿತ್ತೆಂದು ಆಗ ತೋರಿಸಿ.