ಕೆಲಸಗಾರರನ್ನು ಉಳಿಸಿಕೊಳ್ಳುವುದು ಮಳೆಗಾಲದಲ್ಲಿ

ಶಿರಸಿಯ ಸುತ್ತಮುತ್ತ ಅಡಿಕೆ ಸುಲಿಯುವ ಯಂತ್ರ, ಅಡಿಕೆ ಬೇಯಿಸುವ ಒಲೆ, ಗೇಟು, ಗ್ರಿಲ್ಲು ಮಾಡಿಕೊಡುವ ನನ್ನಂಥ ಸಣ್ಣ ವರ್ಕ್‌ಶಾಪಿನವರು ಎಲ್ಲಿ ಸೇರಿದರೂ ಒಂದೇ ಮಾತು: ಕೆಲಸ ಬಲ್ಲವನು ನಿಲ್ಲುವುದಿಲ್ಲ, ಹುಬ್ಬಳ್ಳಿಗೋ ಗೋವಾಕ್ಕೋ ಬೆಂಗಳೂರಿಗೋ ಹೋಗಿಬಿಡುತ್ತಾನೆ. ಹೋಗುವುದು ನಿಜ. ಆದರೆ ಅಲ್ಲಿಯ ಹೆಚ್ಚಿನ ಸಂಬಳವೊಂದೇ ಕಾರಣವೆಂಬುದನ್ನು ನಾನು ಒಪ್ಪುವುದಿಲ್ಲ. ಗೋವಾದಲ್ಲಿ ಹೆಚ್ಚಿಗೆ ಸಿಗುವುದರಲ್ಲಿ ಬಾಡಿಗೆಗೆ ಎಷ್ಟು, ಊಟಕ್ಕೆ ಎಷ್ಟು ಹೋಗುತ್ತದೆಂಬ ಲೆಕ್ಕ ಮನೆಮಠ ಇರುವ ವೆಲ್ಡರನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನು ಊರು ಬಿಡುವ ಯೋಚನೆ ಮಾಡುವುದು ಆಷಾಢದಲ್ಲಿ, ಮಾಲೀಕನು "ಈಗ ಕೆಲಸ ಇಲ್ಲ ಮಾರಾಯ, ಚೌತಿ ಮುಗಿಸಿಕೊಂಡು ಬಾ" ಎಂದು ಹೇಳಿದಾಗ.

ನಮ್ಮಲ್ಲಿ ಅಡಿಕೆ ಕೊಯ್ಲು ಹೆಚ್ಚಾಗಿ ನವೆಂಬರಿನಿಂದ ನಡೆಯುವುದರಿಂದ ಸುಲಿಯುವ ಯಂತ್ರಕ್ಕೆ ಬೇಡಿಕೆ ಬರುವುದು ಚೌತಿಯ ಆಚೆಗೆ. ಜೂನ್, ಜುಲೈ ತಿಂಗಳುಗಳಲ್ಲಿ ಗಿರಾಕಿಯೂ ಇಲ್ಲ, ಎಷ್ಟೋ ಹೊತ್ತು ಕರೆಂಟೂ ಇಲ್ಲ. ಆ ಎರಡು ತಿಂಗಳು ಮನೆಗೆ ಕಳಿಸಿದವನು ಬೇರೆ ಕಡೆ ಕೆಲಸ ಹುಡುಕಿಕೊಂಡರೆ ಅದು ಅವನ ತಪ್ಪಲ್ಲ. ಆದ್ದರಿಂದ ನಾನು ದಿನಗೂಲಿಯ ಲೆಕ್ಕವನ್ನು ಕೈಬಿಟ್ಟು ಹನ್ನೆರಡು ತಿಂಗಳೂ ಒಂದೇ ಪಗಾರವೆಂದು ಗೊತ್ತುಮಾಡಿದೆ. ಸೀಸನ್ನಿನ ದಿನಗೂಲಿಗೆ ಹೋಲಿಸಿದರೆ ಈ ಪಗಾರ ತುಸು ಕಡಿಮೆಯೇ. ಆದರೂ ಶಾಲೆಯ ಖರ್ಚು, ಮಳೆಗಾಲದ ದಿನಸಿ ಒಟ್ಟಿಗೆ ಎದುರಾಗುವ ಜೂನಿನಲ್ಲಿ ಅದು ತಪ್ಪದೆ ಕೈಸೇರುತ್ತದೆಂಬ ಭರವಸೆಗೆ ಅವರು ಹೆಚ್ಚು ಬೆಲೆ ಕೊಟ್ಟರು. ಸೀಸನ್ನಿನಲ್ಲಿ ಹೊತ್ತು ಮೀರಿ ದುಡಿದದ್ದಕ್ಕೆ ದುಪ್ಪಟ್ಟು ದರದ ಓವರ್‌ಟೈಮ್ ಪ್ರತ್ಯೇಕ.

ಮಳೆಗಾಲದ ಪಗಾರಕ್ಕೆ ಹಣ ಹುಟ್ಟಬೇಕಲ್ಲ. ಅದಕ್ಕಾಗಿ ಎರಡು ಬಗೆಯ ಕೆಲಸವನ್ನು ಆ ತಿಂಗಳುಗಳಿಗೆ ತಂದುಕೊಂಡೆವು. ಮೊದಲನೆಯದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ. ತೋಟಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವುದಕ್ಕೆ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಬಳಸಿದ ಮೇಲೆ ಸರಿಯಾಗಿ ತೊಳೆಯದಿದ್ದರೆ ಮೈಲುತುತ್ತವು ಲೋಹವನ್ನು ತಿನ್ನುತ್ತದೆ, ಸುಣ್ಣವು ವಾಲ್ವಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಎರಡನೆಯದು ಸುಲಿಯುವ ಯಂತ್ರಗಳ ಸರ್ವಿಸ್. ಕೊಟ್ಟಿಗೆಯ ಮೂಲೆಯಲ್ಲಿಟ್ಟ ಯಂತ್ರವನ್ನು ಅಡಿಕೆ ಗೊನೆ ಕೊಯ್ಯುವ ಹಿಂದಿನ ದಿನ ಹೊರತೆಗೆದು, ಇಲಿ ಕಡಿದ ಬೆಲ್ಟನ್ನೂ ತುಕ್ಕು ಹಿಡಿದ ಬೇರಿಂಗನ್ನೂ ನೋಡಿ ಫೋನು ಮಾಡುವುದು ನಮ್ಮ ರೈತರ ರೂಢಿ (ನಮ್ಮ ಮನೆಯದೂ ಅದಕ್ಕೆ ಹೊರತಲ್ಲ). ಜುಲೈಯಲ್ಲಿ ಯಂತ್ರ ತಂದುಕೊಟ್ಟರೆ ಮಜೂರಿಯಲ್ಲಿ ರಿಯಾಯಿತಿ ಎಂದು ಹೇಳಿದ ಮೇಲೆ ಈ ಕೆಲಸದ ದೊಡ್ಡ ಪಾಲು ಮಳೆಗಾಲಕ್ಕೇ ಸರಿದುಬಂತು. ಬಿಡುವಾದಾಗ ಲೇತಿನಲ್ಲಿ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದಲ್ಲಿ, ಕೆಲಸ ಮಾಡುವ ಟರ್ನರನು ವೆಲ್ಡಿಂಗನ್ನೂ ಹೆಲ್ಪರನು ಲೇತನ್ನೂ ಕಲಿಯುತ್ತಾರೆ. ಸೀಸನ್ನಿನ ಗಡಿಬಿಡಿಯಲ್ಲಿ ಯಾರೂ ಯಾರಿಗೂ ಕಲಿಸಲಾರರು.

ಪಗಾರದಷ್ಟೇ ಮುಖ್ಯವೆಂದು ನನಗೆ ಕಂಡದ್ದು ಕೆಲಸದ ಮೇಲಿನ ಅಧಿಕಾರ. ಕಳೆದ ಸೀಸನ್ನಿನಲ್ಲಿ ಒಂದು ಯಂತ್ರ ರಿಪೇರಿಗೆ ಬಂದಾಗ ಅದರ ಯಜಮಾನರು ಬೇರಿಂಗ್ ಬದಲಿಸಿ ಬೇಗ ಕೊಡಿರೆಂದು ಎದುರಿಗೇ ಕುಳಿತಿದ್ದರು. 6205 ನಂಬರಿನ ಬೇರಿಂಗ್ ಕೂರುವಲ್ಲಿ ಶಾಫ್ಟು 25 ಮಿಲಿಮೀಟರ್ ಇರಬೇಕು. ನಮ್ಮ ಟರ್ನರನು ಅಲ್ಲಿ ಬೆರಳಾಡಿಸಿ, ಮೈಕ್ರೋಮೀಟರ್ ಹಿಡಿದು, ಸವೆತವನ್ನು ನನಗೆ ತೋರಿಸಿದ. "ಹೆಗಡೇರೆ, ಹೊಸ ಬೇರಿಂಗ್ ಹಾಕಿದ್ರೂ ತಿಂಗಳು ತಡೆಯೂದಿಲ್ಲ, ಶಾಫ್ಟೇ ಹೊಸತಾಗ್ಬೇಕು" ಎಂದ. ಒಂದು ದಿನ ತಡವಾಗುತ್ತದೆಂಬ ಮಾತನ್ನು ಗಿರಾಕಿಗೆ ಅವನೇ ಹೇಳಿದ, ನಾನು ನಡುವೆ ಬಾಯಿ ಹಾಕಲಿಲ್ಲ. ಯಾವ ಯಂತ್ರವನ್ನು ಹೊರಗೆ ಬಿಡಬಾರದೆಂಬ ತೀರ್ಮಾನ ಅದನ್ನು ಮಾಡಿದವನದು. ಅವನ ಹೆಸರಿನ ಮೊದಲಕ್ಷರವನ್ನು ಫ್ರೇಮಿನ ಮೇಲೆ ಪಂಚ್ ಮಾಡುವ ರೂಢಿಯನ್ನೂ ಇಟ್ಟುಕೊಂಡಿದ್ದೇವೆ. ಗಿರಾಕಿಗಳು ಈಗ ನನ್ನನ್ನು ಬಿಟ್ಟು ನೇರವಾಗಿ ಅವನಿಗೇ ಫೋನು ಮಾಡುತ್ತಾರೆ. ಇದು ಅಪಾಯವೆಂದು ಸ್ನೇಹಿತರು ಎಚ್ಚರಿಸಿದ್ದುಂಟು, ನನಗಂತೂ ಹಾಗನ್ನಿಸಿಲ್ಲ.

ಬಟವಾಡೆ ಪ್ರತಿ ತಿಂಗಳ 7ರೊಳಗೆ; ಕಾನೂನು ಹೇಳುವುದೂ ಅಷ್ಟೇ. ಚೌತಿಗೆ ಮೊದಲು ವರ್ಷದ ಪಗಾರದ ಶೇ. 8.33, ಅಂದರೆ ಒಂದು ತಿಂಗಳ ಪಗಾರ, ಬೋನಸ್. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ರಜೆಯ ಪಟ್ಟಿಯನ್ನು ಬಹಳ ಮೊದಲೇ ಗೋಡೆಗೆ ಅಂಟಿಸಿಬಿಡುತ್ತೇವೆ.

ಹತ್ತು ಜನರಿಗಿಂತ ಕಡಿಮೆ ಇರುವ ನಮ್ಮಂಥಲ್ಲಿ ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಇಲ್ಲ, ಕೆಲಸ ಬಿಡುವಾಗ ಕೊಡುವ ಇಡಿಗಂಟಾದ ಗ್ರಾಚ್ಯುಟಿಯ ಕಡ್ಡಾಯವೂ ಇಲ್ಲ. ಗ್ರೈಂಡರಿನ ಮುಂದೆ ನಿಲ್ಲುವವನಿಗೆ ಇದು ಗೊತ್ತಿರುತ್ತದೆ, ಅವನ ಮನೆಯವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಪ್ರಧಾನಮಂತ್ರಿ ಯೋಜನೆಗಳಾದ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ (ಅಪಘಾತ ವಿಮೆ), 50 ವರ್ಷದೊಳಗಿನವರಿಗೆ 436 ರೂಪಾಯಿಯ ಜೀವನ ಜ್ಯೋತಿ ಬಿಮಾ (ಜೀವ ವಿಮೆ), ಎರಡರ ಕಂತನ್ನೂ ನಾನೇ ಕೊಡುತ್ತೇನೆ. ಅಪಘಾತದಲ್ಲಿ ಸಾವಾದರೆ ಎರಡರಿಂದಲೂ ತಲಾ 2 ಲಕ್ಷ ಮನೆಯವರಿಗೆ ಸಿಗುತ್ತದೆ. ಗ್ರಾಚ್ಯುಟಿಗೆ ಕಾನೂನಿನ ಸೂತ್ರವನ್ನೇ ಹಿಡಿದಿದ್ದೇನೆ: ಕೊನೆಯ ತಿಂಗಳ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸುವುದು. 20,000 ಪಗಾರದವನಿಗೆ ಹತ್ತು ವರ್ಷಕ್ಕೆ ಸುಮಾರು 1,15,400 ರೂಪಾಯಿ ಆಗುತ್ತದೆ. ಒಮ್ಮೆಲೇ ಕೊಡುವುದು ಕಷ್ಟವೆಂದು ತಿಂಗಳು ತಿಂಗಳು ಆರ್‌ಡಿ (ಕಂತಿನ ಠೇವಣಿ) ಕಟ್ಟುತ್ತೇನೆ, ಪಾಸ್‌ಬುಕ್ಕನ್ನು ಅವರಿಗೆ ತೋರಿಸುತ್ತೇನೆ.

ಮುಂಗಡವನ್ನು ಬಡ್ಡಿಯಿಲ್ಲದೆ ಕೊಡುತ್ತೇನೆ. ಆದರೆ ದೊಡ್ಡ ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಪದ್ಧತಿ ನನಗೆ ಸೇರುವುದಿಲ್ಲ; ಸಾಲಕ್ಕಾಗಿ ನಿಂತವನ ಕೆಲಸದಲ್ಲಿ ಮನಸ್ಸಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹೋಗುವವರು ಹೋಗುತ್ತಾರೆ. ನಮ್ಮಲ್ಲಿ ಕೆಲಸ ಕಲಿತ ಒಬ್ಬ ವೆಲ್ಡರ್ ಸಿದ್ದಾಪುರದ ಕಡೆ ಸ್ವಂತ ಶೆಡ್ಡು ಹಾಕಿಕೊಂಡ. ಉಳಿದವರೆಲ್ಲ ನೋಡುತ್ತಿರುತ್ತಾರಾದ್ದರಿಂದ ಅವನ ಲೆಕ್ಕವನ್ನು ಅವರೆದುರಿಗೇ ಪೂರ್ತಿ ಚುಕ್ತಾ ಮಾಡಿ ಕಳಿಸಿದೆ. ಈಗ ಸೀಸನ್ನಿನಲ್ಲಿ ನನಗೆ ಪೂರೈಸದ ಫ್ರೇಮುಗಳ ವೆಲ್ಡಿಂಗ್ ಅವನ ಶೆಡ್ಡಿಗೆ ಹೋಗುತ್ತದೆ, ಅವನ ಲೇತ್ ಕೆಲಸ ನಮ್ಮಲ್ಲಿಗೆ ಬರುತ್ತದೆ.